ಸಿಲಿಂಡರ್ ಬಿಚ್ಚದೆ ವಾಲ್ವ್ ಗೈಡ್ ಕ್ಲೀನ್ ಮಾಡಿದ್ದು: ನನ್ನ ಅನುಭವ

ಕಂಪ್ರೆಷನ್ ಪರೀಕ್ಷೆಯಲ್ಲಿ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವುದು) 80ಕ್ಕೆ 76 ಬಂತು ಅಂದ ಮಾತ್ರಕ್ಕೆ ವಾಲ್ವ್ ಸರಿಯಿದೆ ಅಂತ ನಂಬಬೇಡಿ. ಈ ಒಂದು ಮಾತನ್ನು ಹ್ಯಾಂಗರ್‌ನವರಿಗೆ ಒಪ್ಪಿಸಲು ನನಗೆ ಇಡೀ ಚಳಿಗಾಲ ಬೇಕಾಯಿತು. ಈಗ ನಮ್ಮ ವಿಮಾನದ ಎಂಜಿನ್ ಎಷ್ಟೇ ತಣ್ಣಗಿದ್ದರೂ ನಾಲ್ಕೂ ಸಿಲಿಂಡರ್ ಒಟ್ಟಿಗೆ ಹತ್ತಿಕೊಳ್ಳುತ್ತವೆ.

ನಮ್ಮದು 1975ರ ಸೆಸ್ನಾ 172ಎಂ. ಎಂಜಿನ್ ಲೈಕಮಿಂಗ್ ಓ-320-ಇ2ಡಿ, 150 ಅಶ್ವಶಕ್ತಿಯದು. ನಾನೂ ದಾವಣಗೆರೆಯ ಒಬ್ಬ ಗೆಳೆಯನೂ ಸೇರಿ ಅರ್ಧರ್ಧ ಹಾಕಿ ಕೊಂಡದ್ದು. ನಿಲ್ಲಿಸುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದಲ್ಲಿ. ಹಿಂದಿನ ಮಾಲೀಕರ ಕೈಯಲ್ಲಿ ಅದು ವರ್ಷಕ್ಕೆ ಇಪ್ಪತ್ತು ಗಂಟೆ ಹಾರಿದ್ದರೆ ಜಾಸ್ತಿ. ತೊಂದರೆಯ ಬೇರು ಅಲ್ಲೇ ಇತ್ತು.

ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದೆರಡು ನಿಮಿಷ ಇಡೀ ವಿಮಾನ ಗಡಗಡ ನಡುಗುತ್ತಿತ್ತು. ಆಮೇಲೆ ನಯವಾಗಿ ಓಡುತ್ತಿತ್ತು. ಹಾರುವ ಮುಂಚಿನ ರನ್-ಅಪ್ ಪರೀಕ್ಷೆಯಲ್ಲಿ, ಎರಡು ಮ್ಯಾಗ್ನೆಟೋಗಳಲ್ಲಿ (ಪ್ಲಗ್‌ಗೆ ಕಿಡಿ ಕೊಡುವ ಉಪಕರಣ) ಯಾವ ಒಂದನ್ನು ಆರಿಸಿದರೂ ವೇಗ ಇಳಿಯುವುದು 75 ಆರ್‌ಪಿಎಂ ಆಸುಪಾಸು, ಅದು ಸರಿಯೇ. ಮಧ್ಯಾಹ್ನ ಎರಡನೇ ಸಲ ಸ್ಟಾರ್ಟ್ ಮಾಡಿದರೆ ಯಾವ ದೂರೂ ಇಲ್ಲ. ಇದು ಮಾರ್ನಿಂಗ್ ಸಿಕ್‌ನೆಸ್, ಅಂದರೆ ಎಂಜಿನ್ ತಣ್ಣಗಿದ್ದಾಗ ವಾಲ್ವ್ ಸಿಕ್ಕಿಕೊಳ್ಳುವ ಕಾಯಿಲೆ ಅಂತ ನನಗೆ ಮೊದಲ ವಾರವೇ ಅನ್ನಿಸಿತ್ತು. ಆದರೆ ಕಂಪ್ರೆಷನ್ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರ್ ಪಾಸ್. ಪಾಸಾಗದೆ ಏನು? ಆ ಪರೀಕ್ಷೆ ಮಾಡುವುದು ಎಂಜಿನ್ ಬಿಸಿ ಮಾಡಿಕೊಂಡು. ಅಷ್ಟರಲ್ಲಿ ಗೈಡ್ (ವಾಲ್ವಿನ ಕಡ್ಡಿ, ಅಂದರೆ ಸ್ಟೆಮ್, ಜಾರುವ ಕೊಳವೆ) ಹಿಗ್ಗಿ ವಾಲ್ವ್ ಬಿಟ್ಟುಕೊಂಡಿರುತ್ತದೆ!

ಮೊದಲು ಪ್ಲಗ್ ಅಂದರು. ಎಂಟೂ ಹೊಸದು ಹಾಕಿಸಿದೆವು, ಸುಮಾರು 350 ಡಾಲರ್. ಏನೂ ಬದಲಾಗಲಿಲ್ಲ. ಆಮೇಲೆ ಮ್ಯಾಗ್ನೆಟೋ ಅಂದರು. ಎರಡನ್ನೂ ಬಿಚ್ಚಿ ವರ್ಕ್‌ಶಾಪ್‌ಗೆ ಕಳಿಸಿದೆವು. ಬಿಲ್ 1,200ರ ಹತ್ತಿರ ಬಂತು, ವಿಮಾನ ಮೂರು ವಾರ ನಿಂತಿತು. ಟೈಮಿಂಗ್ 25 ಡಿಗ್ರಿಗೆ ಕೂರಿಸಿ ಸ್ಟಾರ್ಟ್ ಮಾಡಿದರೆ ಅದೇ ನಡುಕ. ಪ್ರೈಮರ್ ಸೋರುತ್ತಿರಬಹುದು ಅಂತ ಓ-ರಿಂಗ್ ಬದಲಿಸಿದೆವು. ಇನ್‌ಟೇಕ್ ಪೈಪಿನ ಗ್ಯಾಸ್ಕೆಟ್‌ಗಳನ್ನೂ ಬದಲಿಸಿದೆವು. ಒಟ್ಟು 1,700 ಡಾಲರ್ ಖರ್ಚಾದರೂ ನಾವು ಹೊರಟ ಜಾಗದಲ್ಲೇ ಇದ್ದೆವು. ಗೆಳೆಯ ಹೇಳಿದ: "ಗುರು, ಇನ್ನು ಒಂದು ಡಾಲರ್ ಖರ್ಚು ಮಾಡೋ ಮುಂಚೆ ಯಾವ ಸಿಲಿಂಡರ್ ಅಂತ ಹಿಡಿ."

ಹಿಡಿದದ್ದು ಎಂಜಿನ್ ಮಾನಿಟರ್. ಸ್ಟಾರ್ಟ್ ಆದ ಕ್ಷಣದಿಂದ ಇಜಿಟಿ (ಪ್ರತಿ ಸಿಲಿಂಡರ್‌ನ ಹೊಗೆಯ ಉಷ್ಣತೆ) ಡೇಟಾ ಇಳಿಸಿಕೊಂಡು ನೋಡಿದೆ. ಒಂದು, ಎರಡು, ಮೂರು ಸರಸರ ಮೇಲೇರುತ್ತಿವೆ. ನಾಲ್ಕನೆಯದು, ಅಂದರೆ ಎಡಗಡೆ ಹಿಂದಿನದು, ತಣ್ಣಗೆ ಕೂತಿದೆ. ಒಂದೂವರೆ ನಿಮಿಷದ ನಂತರ ಒಮ್ಮೆಲೇ ಜಿಗಿದು ಉಳಿದವುಗಳ ಜೊತೆ ಸೇರಿಕೊಳ್ಳುತ್ತದೆ. ಪ್ಲಗ್ ಇರಬಹುದೇ ಅಂತ ಎರಡರದ್ದನ್ನು ನಾಲ್ಕಕ್ಕೂ ನಾಲ್ಕರದ್ದನ್ನು ಎರಡಕ್ಕೂ ಹಾಕಿದೆ. ತಣ್ಣಗಿದ್ದದ್ದು ಮತ್ತೆ ನಾಲ್ಕೇ. ಎಕ್ಸಾಸ್ಟ್ ವಾಲ್ವ್ ಗೈಡಿನಲ್ಲಿ ಸಿಕ್ಕಿಕೊಂಡು ತೆರೆದೇ ಇರುತ್ತಿತ್ತು. ಇದನ್ನು ಹಾಗೇ ಬಿಟ್ಟರೆ ಒಂದು ದಿನ ವಾಲ್ವ್ ತಳ್ಳುವ ಪುಶ್‌ರಾಡ್ ಬಗ್ಗುತ್ತದೆ. ಅದು ಟೇಕಾಫ್‌ನಲ್ಲೇ ಆಗಬಹುದು.

ಗ್ರಾಫ್ ತೋರಿಸಿದೆ. ಮೆಕ್ಯಾನಿಕ್ ಒಪ್ಪಿದರು, ಆದರೆ ಸಿಲಿಂಡರ್ ಬಿಚ್ಚಿ ಓವರ್‌ಹಾಲ್‌ಗೆ ಕಳಿಸೋಣ ಅಂದರು. ಅಂದಾಜು 3,000 ಡಾಲರ್ ಮೇಲೆ. ನಾನು ಬೇಡ ಅಂದೆ. ದುಡ್ಡು ಒಂದು ಕಾರಣ. ಇನ್ನೊಂದು, ಚೆನ್ನಾಗಿ ಕೂತಿರುವ ಸಿಲಿಂಡರ್‌ನ ಥ್ರೂ-ಬೋಲ್ಟ್ ಸಡಿಲಿಸಿ ಮತ್ತೆ ಟಾರ್ಕ್ ಮಾಡುವುದರಲ್ಲೇ ಅಪಾಯವಿದೆ. ಬೇರಿಂಗ್ ಕದಲಿ ಎಂಜಿನ್ನೇ ಹೋದ ಉದಾಹರಣೆಗಳಿವೆ. ಲೈಕಮಿಂಗ್‌ನ ಸರ್ವಿಸ್ ಇನ್‌ಸ್ಟ್ರಕ್ಷನ್ 1425 ಇರುವುದೇ ಇದಕ್ಕೆ. ಸಿಲಿಂಡರ್ ಇದ್ದಲ್ಲೇ ಇದ್ದು ಗೈಡ್ ಕ್ಲೀನ್ ಆಗುತ್ತದೆ. ಹಗ್ಗ ತುರುಕಿ ಮಾಡುವ ಈ ಕೆಲಸಕ್ಕೆ ಹಗ್ಗದ ಕಸರತ್ತು ಅಂತ ಪಕ್ಕದ ಹ್ಯಾಂಗರ್‌ನವರು ನಕ್ಕರು. ಕೊನೆಗೆ ಇನ್ನೊಬ್ಬ ಎ ಅಂಡ್ ಪಿ (ಪರವಾನಗಿ ಇರುವ ವಿಮಾನ ಮೆಕ್ಯಾನಿಕ್) ಸಿಕ್ಕಿದರು. ಅವರೇ ಪಕ್ಕದಲ್ಲಿ ನಿಂತು ನೋಡಿ, ಲಾಗ್‌ಬುಕ್‌ಗೆ ಸಹಿ ಹಾಕುವುದಾದರೆ ಮಾತ್ರ ಕೆಲಸವನ್ನು ನನ್ನ ಕೈಯಿಂದ ಮಾಡಿಸಬಹುದು ಅಂದರು. ನಿಯಮವೂ ಅದೇ.

ಇಡೀ ವಿಧಾನ ಆ ಇನ್‌ಸ್ಟ್ರಕ್ಷನ್‌ನಲ್ಲೇ ಇದೆ. ನಮಗೆ ಎಲ್ಲಿ ತಡವಾಯಿತು ಅಂತ ಮಾತ್ರ ಹೇಳುತ್ತೇನೆ. ಮೇಲಿನ ಪ್ಲಗ್ ತೂತಿನಿಂದ ಎಂಟು-ಹತ್ತು ಅಡಿ ನೈಲಾನ್ ಹಗ್ಗ ತುರುಕಿ, ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿ ಪಿಸ್ಟನ್‌ನಿಂದ ಅದನ್ನು ಒತ್ತಿಸಿದೆವು, ವಾಲ್ವ್ ಒಳಗೆ ಬೀಳದಿರಲಿ ಅಂತ. ಹತ್ತಿ ಹಗ್ಗ ಬೇಡವೇ ಬೇಡ, ಎಳೆ ಉದುರುತ್ತದೆ. ಸ್ಪ್ರಿಂಗ್ ಅದುಮಿದರೆ ವಾಲ್ವನ್ನು ಹಿಡಿದಿಡುವ ಕೀಪರ್ ಬರಲಿಲ್ಲ. ಅರ್ಧ ಗಂಟೆ ಅದರಲ್ಲೇ ಹೋಯಿತು. ಕೊನೆಗೆ ರಿಟೇನರ್ (ಸ್ಪ್ರಿಂಗ್ ಮೇಲಿನ ಬಿಲ್ಲೆ) ಮೇಲೆ ಸಾಕೆಟ್ ಇಟ್ಟು ಒಂದು ಏಟು ಕೊಟ್ಟಾಗ ಬಿಟ್ಟಿತು. ಆಮೇಲೆ ಹಗ್ಗ ತೆಗೆದು ವಾಲ್ವ್ ಒಳಗೆ ಬಿಡಬೇಕಲ್ವಾ, ಅದು ಇಳಿಯಲೇ ಇಲ್ಲ. ಹಿತ್ತಾಳೆಯ ಡ್ರಿಫ್ಟ್ ಇಟ್ಟು ತಟ್ಟಿ ಇಳಿಸಬೇಕಾಯಿತು. ಪಕ್ಕದಲ್ಲಿ ನಿಂತಿದ್ದವರಿಗೆ ಆಗ ನಂಬಿಕೆ ಬಂತು.

ರೀಮರ್‌ಗೆ (ತೂತಿನ ಒಳಗನ್ನು ಕೆರೆಯುವ ಉಪಕರಣ) ಗ್ರೀಸ್ ಬಳಿದು, ನಿಧಾನವಾಗಿ ಒಂದೇ ದಿಕ್ಕಿಗೆ ತಿರುಗಿಸಿದೆ. ಹೊರಬಂದದ್ದು ಕಲ್ಲಿನಂಥ ಕಪ್ಪು ಇಂಗಾಲ. ಸ್ಟೆಮ್ಮನ್ನು ಪ್ಲಗ್ ತೂತಿನಿಂದ ಹೊರಗೆ ಹಾಯಿಸಿ ಒರೆಸಿ ಕ್ಲೀನ್ ಮಾಡಿದೆ. ಅದರೊಳಗೆ ಸೋಡಿಯಂ ಇರುತ್ತದೆ, ಗೀರು ಬೀಳಿಸಬಾರದು. ವಾಲ್ವನ್ನು ತಿರುಗಿ ಗೈಡಿಗೆ ಸೇರಿಸುವುದೇ ಇಡೀ ಕೆಲಸದ ಕಷ್ಟದ ಭಾಗ. ಕೆಲವರು ಇಡೀ ಮಧ್ಯಾಹ್ನ ಒದ್ದಾಡುತ್ತಾರೆ. ನನಗೆ ಹತ್ತು ನಿಮಿಷದಲ್ಲಿ ಆಯಿತು. ಅದಕ್ಕೆ ನಾನೇ ಮಾಡಿಕೊಂಡ ಒಂದು ಸಲಕರಣೆ ಇದೆ. ಅದನ್ನು ಬರೆದು ತಿಳಿಸುವುದು ಕಷ್ಟ, ಹ್ಯಾಂಗರ್‌ಗೆ ಬಂದರೆ ತೋರಿಸುತ್ತೇನೆ.

ಖರ್ಚು: ರೀಮರ್ ಮತ್ತು ಉಳಿದ ಸಾಮಾನು 250, ಮೆಕ್ಯಾನಿಕ್‌ಗೆ 500ರ ಮೇಲೆ ಸ್ವಲ್ಪ, ಗ್ಯಾಸ್ಕೆಟ್‌ಗೆ ಚಿಲ್ಲರೆ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಾಲ್ಕನೆಯ ಇಜಿಟಿ ಉಳಿದವುಗಳ ಜೊತೆಗೇ ಏರಿತು. ಅಂದು ನಕ್ಕವರಲ್ಲಿ ಇಬ್ಬರು ಈಗಾಗಲೇ ನನ್ನ ರೀಮರ್ ಕೇಳಿ ಒಯ್ದಿದ್ದಾರೆ.

ಈ ಕಿಟ್ಟಕ್ಕೆ ವಿಮಾನದ ಪೆಟ್ರೋಲಿನಲ್ಲಿರುವ ಸೀಸವೂ ಕಾರಣ, ಹಾಗಾಗಿ ಸೀಸದ ವಿಷಯಕ್ಕೆ ಬರುತ್ತೇನೆ. ಸ್ಯಾಂಟಾ ಕ್ಲಾರಾ ಕೌಂಟಿಯವರು 2022ರ ಜನವರಿ 1ರಿಂದ ನಮ್ಮ ನಿಲ್ದಾಣದಲ್ಲಿ 100ಎಲ್‌ಎಲ್ (ಸೀಸ ಬೆರೆತ ವಿಮಾನ ಪೆಟ್ರೋಲ್) ಮಾರುವುದನ್ನು ನಿಲ್ಲಿಸಿದರು. ಸುತ್ತಲಿನ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ 2021ರಲ್ಲಿ ಅಧ್ಯಯನ ಬಂದಿತ್ತು. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ನಮ್ಮ ಇ2ಡಿ ಎಂಜಿನ್ ತಯಾರಾದದ್ದೇ 80/87 ಅನ್ನುವ ಹಳೆಯ ಪೆಟ್ರೋಲಿಗೆ. ಅದರ ಸೀಸದ ಮಿತಿ 100ಎಲ್‌ಎಲ್‌ನದರ ಕಾಲು ಭಾಗ ಮಾತ್ರ. ನಾವು ಎಸ್‌ಟಿಸಿ (ಬೇರೆ ಇಂಧನ ಬಳಸಲು ಬೇಕಾದ ಅನುಮತಿ) ತೆಗೆದುಕೊಂಡು ಯುಎಲ್94 ಅನ್ನುವ ಸೀಸವಿಲ್ಲದ ಪೆಟ್ರೋಲ್ ಹಾಕುತ್ತೇವೆ. ಸೀಸ ಇಲ್ಲದ ಮೇಲೆ ವಾಲ್ವ್ ಹೇಗೆ ಸಿಕ್ಕಿಕೊಳ್ಳುತ್ತೆ ಅಂತ ಕೇಳಿದವರೂ ಇದ್ದರು. ಗೈಡಿನಲ್ಲಿ ಕೂತ ಹಳೆಯ ಕಿಟ್ಟ, ಪೆಟ್ರೋಲ್ ಬದಲಿಸಿದ ತಕ್ಷಣ ಕರಗುವುದಿಲ್ಲ ಸ್ವಾಮಿ. ಬೇರೆ ಕಡೆ ಇಳಿದಾಗ 100ಎಲ್‌ಎಲ್ಲೇ ಗತಿ. ಹಾಗಾಗಿ ವಿಮಾನವನ್ನು ನೆಲದ ಮೇಲೆ ಓಡಿಸುವಾಗ ಎಂಜಿನ್ ತೊದಲುವ ಅಂಚಿನವರೆಗೂ ಪೆಟ್ರೋಲ್ ಕಡಿಮೆ ಮಾಡುತ್ತೇನೆ (ಲೀನ್). ನಿಂತಾಗ 1,000 ಆರ್‌ಪಿಎಂಗಿಂತ ಕೆಳಗೆ ಬಿಡುವುದಿಲ್ಲ. ಆಫ್ ಮಾಡುವ ಮುಂಚೆ 1,800ರಲ್ಲಿ ಹದಿನೈದು-ಇಪ್ಪತ್ತು ಸೆಕೆಂಡ್ ಓಡಿಸುತ್ತೇನೆ. ಎಣ್ಣೆ ಗಂಟೆ ತುಂಬದಿದ್ದರೂ ನಾಲ್ಕು ತಿಂಗಳಿಗೆ ಬದಲು.

ಇದರ ಜೊತೆಗೆ ನನ್ನದೇ ಇನ್ನೊಂದು ಪ್ರಯೋಗ ನಡೆದಿದೆ. ನಾರ್ತ್ ಡಕೋಟಾ ವಿಶ್ವವಿದ್ಯಾಲಯದವರು 2023ರಲ್ಲಿ ಯುಎಲ್94ಗೆ ಹೋಗಿ, ಎಕ್ಸಾಸ್ಟ್ ವಾಲ್ವ್ ಸೀಟಿನೊಳಕ್ಕೆ ಇಳಿಯುತ್ತಿರುವುದನ್ನು ಕಂಡು ಅದೇ ವರ್ಷ ಅಕ್ಟೋಬರ್‌ನಲ್ಲಿ 100ಎಲ್‌ಎಲ್‌ಗೆ ಮರಳಿದರು. ಅವರದು ದಿನವಿಡೀ ಹಾರುವ ತರಬೇತಿ ವಿಮಾನಗಳು, ನಮ್ಮ ಬಳಕೆಯೇ ಬೇರೆ. ಆದರೂ ರಾಕರ್ ಕವರ್ ತೆಗೆದಾಗಲೆಲ್ಲ ಡ್ರೈ ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು) ಅಳೆದು ಬರೆದಿಡುತ್ತಿದ್ದೇನೆ. ಸೀಟು ಸವೆದರೆ ಅದು ಕಡಿಮೆಯಾಗುತ್ತಾ ಹೋಗಬೇಕು. ಲೈಕಮಿಂಗ್ ಕೊಟ್ಟ ಮಿತಿ 0.028ರಿಂದ 0.080 ಇಂಚು. ನಮ್ಮದು ನಾಲ್ಕರಲ್ಲೂ 0.050ರ ಆಚೀಚೆ ಇದೆ, ಇನ್ನೂ ಕದಲಿಲ್ಲ. ಉಳಿದ ಮೂರು ಗೈಡ್‌ಗಳನ್ನು ಬರುವ ವಾರ್ಷಿಕ ತಪಾಸಣೆಯಲ್ಲಿ (ಆನ್ಯುಯಲ್) ಮಾಡುತ್ತೇನೆ. ಆಗ ಮತ್ತೆ ಅಳೆಯುತ್ತೇನೆ.