ಹಳೇ ಮನೆ ಕೆಡವಿ ಸಾಲುಮನೆ: ನಿಮ್ಮ ಬೀದಿಯ ತಕರಾರು ಸಲ್ಲಿಸುವುದು ಹೇಗೆ?

ತುಮಕೂರಿನ ಹಳೇ ಬಡಾವಣೆಯೊಂದರಲ್ಲಿ ಅಕ್ಕಪಕ್ಕದ ಮೂರು ಮನೆಗಳನ್ನು ಬಿಲ್ಡರ್ ಒಬ್ಬರು ಕೊಂಡಿದ್ದಾರೆ ಅಂದುಕೊಳ್ಳಿ. ಅವನ್ನು ಕೆಡವಿ, ಸೈಟುಗಳನ್ನು ಒಟ್ಟು ಮಾಡಿ, ಗೋಡೆಗೆ ಗೋಡೆ ಅಂಟಿದ ಮೂರಂತಸ್ತಿನ ಸಾಲುಮನೆ ಕಟ್ಟುವ ಯೋಚನೆ. ಬೀದಿಯವರು ತಕ್ಷಣ ಮಾಡುವ ಕೆಲಸ ಒಂದೇ. ನೂರು ಸಹಿ ಹಾಕಿಸಿ, ಆಯುಕ್ತರಿಗೆ ಮನವಿ ಕೊಟ್ಟು, ಫೋಟೊ ತೆಗೆಸಿಕೊಳ್ಳುವುದು. ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ನಕ್ಷೆ ಮಂಜೂರಾತಿ ಮತ ಎಣಿಕೆಯಲ್ಲ. ನಿಯಮ ಎಲ್ಲಿ ತಪ್ಪಿದೆ ಅಂತ ತೋರಿಸಿದ ಒಂದು ಹಾಳೆಗೆ ಆ ನೂರು ಸಹಿಗಿಂತ ಬೆಲೆ ಜಾಸ್ತಿ.

ಮೊದಲು ಫೈಲು ಎಲ್ಲಿದೆ ಅಂತ ಪತ್ತೆ ಮಾಡಿ. ಜಾಗದ ಬಳಕೆಯೇ ಬದಲಾಗುವುದಾದರೆ, ಅಂದರೆ ಉದ್ಯಾನಕ್ಕೋ ಶಾಲೆಗೋ ಗುರುತಿಸಿದ ಜಾಗ ವಸತಿಗೆ ಹೋಗುವುದಾದರೆ, ಅದು ಟೂಡಾ, ಅಂದರೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ ಅಂಗಳದ ವಿಷಯ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ, 1961ರ 14ಎ ಸೆಕ್ಷನ್ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆ ಕರೆಯಲೇಬೇಕು. ದಿನ ಎಣಿಸುವುದು ಪ್ರಕಟವಾದ ತಾರೀಖಿನಿಂದ, ನಿಮ್ಮ ಕಣ್ಣಿಗೆ ಬಿದ್ದ ದಿನದಿಂದಲ್ಲ. ಇಂಥ ಪ್ರಕಟಣೆಗಳು ಜಾಗವನ್ನು ಸರ್ವೆ ನಂಬರಿನಿಂದ ಗುರುತಿಸುತ್ತವೆ. ಹಾಗಾಗಿ ನಿಮ್ಮ ಬಡಾವಣೆಯ ಸರ್ವೆ ನಂಬರು ಗೊತ್ತಿರಲಿ.

ವಸತಿ ಜಾಗದಲ್ಲೇ ವಸತಿ ಕಟ್ಟುವುದಾದರೆ ಬಳಕೆ ಬದಲಾವಣೆಯ ಪ್ರಶ್ನೆಯೇ ಇಲ್ಲ. ಕಟ್ಟಡ ಪರವಾನಗಿ ಮಹಾನಗರ ಪಾಲಿಕೆಯ ನಗರ ಯೋಜನೆ ವಿಭಾಗದಲ್ಲಿ ಆಗುತ್ತದೆ. ಪೌರ ನಿಗಮಗಳ ಕಾಯ್ದೆ, 1976 ಇದಕ್ಕೆ ಆಧಾರ. ಇಲ್ಲಿ ಪೇಪರ್ ಪ್ರಕಟಣೆಯನ್ನು ಕಾಯುತ್ತಾ ಕೂತರೆ ಕೂತಂತೆಯೇ. ನೀವಾಗಿಯೇ ಹೋಗಿ ಕೇಳಬೇಕು.

ಕಾಗದ ಪಡೆಯಲು ಮಾಹಿತಿ ಹಕ್ಕು ಅರ್ಜಿ ಇದೆ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಪುರಾಣ ಬರೆಯಬೇಡಿ. ಸಲ್ಲಿಸಿದ ನಕ್ಷೆ, ಸೈಟು ಒಟ್ಟುಗೂಡಿಸಿದ ಆದೇಶ, ಸ್ಥಳ ಪರಿಶೀಲನೆಯ ವರದಿ, ಇಷ್ಟು ಕೇಳಿ. ಉತ್ತರಕ್ಕೆ 30 ದಿನ ಹಿಡಿಯಬಹುದು, ಅಷ್ಟರಲ್ಲಿ ಮಂಜೂರಾತಿಯೇ ಆಗಿಬಿಟ್ಟರೆ? ಅದಕ್ಕೇ ಆಕ್ಷೇಪಣೆಯನ್ನು ಮೊದಲ ದಿನವೇ ಕೊಟ್ಟುಬಿಡಿ. ನಕ್ಷೆ ಸಿಕ್ಕ ಮೇಲೆ ಹೆಚ್ಚುವರಿ ಹಾಳೆ ಸೇರಿಸಿದರಾಯಿತು.

ಈಗ ಟೇಪು ಹಿಡಿಯಿರಿ. ನನ್ನ ಪ್ರಕಾರ ಇಡೀ ಜಗಳ ನಿಂತಿರುವುದು ರಸ್ತೆಯ ಅಗಲದ ಮೇಲೆ. ಎಷ್ಟು ಮಹಡಿ ಏರಿಸಬಹುದು, ಒಟ್ಟು ಎಷ್ಟು ಚದರಡಿ ಕಟ್ಟಬಹುದು ಅನ್ನುವುದು ಸೈಟಿನ ಅಳತೆಯ ಜೊತೆಗೆ ರಸ್ತೆಯ ಅಗಲವನ್ನೂ ನೋಡಿ ನಿರ್ಧಾರವಾಗುತ್ತದೆ. ನಕ್ಷೆಯಲ್ಲಿ 12 ಮೀಟರ್ ಅಂತ ಬರೆದಿದ್ದು ನಿಜಕ್ಕೂ 9 ಮೀಟರ್ ಇದ್ದರೆ ಲೆಕ್ಕವೇ ತಲೆಕೆಳಗು. ಆದರೆ ಅಳೆಯುವಾಗ ಡಾಂಬರು ಮಾತ್ರ ಅಳೆದು ಬಂದರೆ ಅಧಿಕಾರಿ ಒಂದೇ ಮಾತಿಗೆ ತಳ್ಳಿಹಾಕುತ್ತಾರೆ. ರಸ್ತೆ ಅಂದರೆ ಚರಂಡಿ, ಫುಟ್‌ಪಾತ್ ಎಲ್ಲ ಸೇರಿ, ಈ ಗಡಿಯಿಂದ ಆ ಗಡಿಯವರೆಗೆ. ಸೈಟಿನ ಮುಂದೆ ಮೂರು ಕಡೆ ಅಳೆಯಿರಿ. ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಬಡಾವಣೆಯ ಮೂಲ ನಕ್ಷೆಯ ಜೊತೆ ತಾಳೆ ನೋಡಿ. ಎದುರು ಮನೆಯವರ ಮೆಟ್ಟಿಲು ಚರಂಡಿ ಮೇಲೆ ಬಂದಿದ್ದರೆ ಅದೂ ಬೆಳಕಿಗೆ ಬರುತ್ತದೆ, ಮೊದಲೇ ಅವರಿಗೆ ಹೇಳಿಬಿಡಿ!

ಉಳಿದಂತೆ ಸೆಟ್‌ಬ್ಯಾಕ್ (ಸೈಟಿನ ಗಡಿಗೂ ಕಟ್ಟಡಕ್ಕೂ ನಡುವೆ ಬಿಡಬೇಕಾದ ಖಾಲಿ ಜಾಗ) ಮತ್ತು ಪಾರ್ಕಿಂಗ್ ನೋಡಿ. ಮನೆ ಎಷ್ಟು, ಕಾರಿನ ಜಾಗ ಎಷ್ಟು ಅಂತ ಎಣಿಸಿ. ಆ ಜಾಗಕ್ಕೆ ಕಾರು ತಿರುಗಿಸಿ ನುಗ್ಗಿಸಲು ಆಗುತ್ತದಾ ಅಂತಲೂ ನೋಡಿ. ಹಿತ್ತಲಲ್ಲಿ ಮರ ಇದ್ದರೆ ಕಡಿಯುವ ಮುನ್ನ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗಬಹುದು.

ಆಕ್ಷೇಪಣೆ ಒಂದೂವರೆ ಪುಟ ಮೀರದಿರಲಿ. ಒಂದೊಂದು ಅಂಶಕ್ಕೂ ನಕ್ಷೆ ಏನು ಹೇಳುತ್ತದೆ, ಸ್ಥಳದಲ್ಲಿ ಏನಿದೆ, ಎರಡನ್ನೂ ಬರೆಯಿರಿ. ಜಂಟಿ ಸ್ಥಳ ಪರಿಶೀಲನೆ ಮಾಡಿ, ನಮ್ಮನ್ನು ಕರೆದು ಕೇಳಿ ಅಂತ ಕೋರಿ. ಟಪಾಲು ವಿಭಾಗದಲ್ಲೇ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಮತ್ತು ಸ್ವೀಕೃತಿ ನಂಬರು ಹಾಕಿಸಿಕೊಳ್ಳಿ. ಪರಿಚಯದ ಸಾಹೇಬರ ಕೈಗೆ ಸುಮ್ನೆ ಕೊಟ್ಟು ಬರುವುದು ಬೇಡ.

ವಿಚಾರಣೆಗೆ ಕರೆದರೆ ಒಬ್ಬರೇ ಮಾತಾಡಿ. ‘ನಮ್ಮ ಮನೆ ರೇಟು ಬೀಳುತ್ತದೆ’, ‘ಯಾರ‍್ಯಾರೋ ಬಾಡಿಗೆಗೆ ಬರುತ್ತಾರೆ’ ಅನ್ನುವುದು ತಕರಾರಲ್ಲ. ಎರಡನೆಯದಂತೂ ಹೇಳಲೇಬಾರದ ಮಾತು. ‘ಬಿಸಿಲು ಬರಲ್ಲ’ ಅನ್ನುವುದಕ್ಕಿಂತ ಸೆಟ್‌ಬ್ಯಾಕ್ ಕಡಿಮೆ ಇದೆ ಅಂತ ತೋರಿಸುವುದು ಗಟ್ಟಿ. ನಿಯಮದೊಳಗೆ ಕಟ್ಟುವ ಹಕ್ಕು ಬಿಲ್ಡರ್‌ಗೂ ಇದೆ ಅಲ್ವಾ? ಎಷ್ಟೋ ಸಲ ಇಡೀ ಯೋಜನೆ ನಿಲ್ಲಿಸಲು ಹೊರಡುವುದಕ್ಕಿಂತ, ಗೇಟನ್ನು ಅಗಲವಾದ ರಸ್ತೆ ಕಡೆ ಇಡಿ, ರಾತ್ರಿ ಕೆಲಸ ಬೇಡ, ಜಲ್ಲಿ ಬೀದಿಯಲ್ಲಿ ಸುರಿಯಬೇಡಿ ಅಂತ ಬರಹದಲ್ಲಿ ಒಪ್ಪಿಸಿಕೊಳ್ಳುವುದೇ ಜಾಣತನ.

ಮಂಜೂರಾದ ಮೇಲೂ ನಕ್ಷೆಯ ಪ್ರತಿ ಬಿಸಾಡಬೇಡಿ. ಪಾಯಕ್ಕೆ ಗುರುತು ಹಾಕುವ ದಿನ ಅದನ್ನು ಹಿಡಿದು ಸೆಟ್‌ಬ್ಯಾಕ್ ಅಳೆಯಿರಿ. ವ್ಯತ್ಯಾಸ ಕಂಡರೆ ಫೋಟೊ ಸಹಿತ ಅಂದೇ ದೂರು ಕೊಡಿ. ನಕ್ಷೆ ಮೀರಿದ ಕಟ್ಟಡದ ಮೇಲೆ 1976ರ ಕಾಯ್ದೆಯ 321ನೇ ಸೆಕ್ಷನ್ ಅಡಿ ಆಯುಕ್ತರು ಕ್ರಮ ಕೈಗೊಳ್ಳಬಹುದು. ಮೂರನೇ ಮಹಡಿಯ ಆರ್‌ಸಿಸಿ ಬಿದ್ದ ಮೇಲೆ ಕೊಟ್ಟ ದೂರಿಗಿಂತ ಪಾಯದ ಹಂತದಲ್ಲಿ ಕೊಟ್ಟ ದೂರಿಗೆ ಕ್ರಮ ಕೈಗೊಳ್ಳುವುದು ಸುಲಭ.