ರಂಗನನ್ನು ಕೊನೆಗಿಟ್ಟ ಮೇಲೆ: ಮೇ ತಿಂಗಳ ಮಧ್ಯಾಹ್ನದ ಪಟ್ಟಣ

ಬೇಸಿಗೆಯಲ್ಲಿ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಜನರನ್ನು ಸುತ್ತಾಡಿಸಲು ಕರೆದುಕೊಂಡು ಹೋಗುವ ನಮ್ಮಂಥವರ ಲೆಕ್ಕ ಒಂದೇ. ಏಳಕ್ಕೆ ಹೊರಡು, ಮೊದಲು ರಂಗನಾಥನ ದರ್ಶನ, ಹನ್ನೊಂದಕ್ಕೆ ಸಂಗಮ, ಬಿಸಿಲು ಏರುವಷ್ಟರಲ್ಲಿ ಮೈಸೂರಿಗೆ ವಾಪಸು. ಮೂರು ಬೇಸಿಗೆ ನಾನೂ ಹಾಗೇ ಮಾಡಿದೆ. ಎಲ್ಲರೂ ಅದೇ ಹೊತ್ತಿಗೆ ಬರುವುದರಿಂದ ಎಲ್ಲೆಲ್ಲೂ ಸಾಲು, ಗಲಾಟೆ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಚಿತ್ರಗಳ ಮುಂದೆ ಎರಡು ನಿಮಿಷ ನಿಲ್ಲುವುದೂ ಕಷ್ಟ. ಈಗ ಎರಡು ವರ್ಷದಿಂದ ಹನ್ನೆರಡಕ್ಕೆ ಹೋಗಿ ಇಳಿಯುತ್ತೇನೆ, ಆರೂವರೆಗೆ ಹೊರಡುತ್ತೇನೆ, ದೇವರನ್ನು ಕೊನೆಗಿಟ್ಟಿದ್ದೇನೆ. 'ಮೇನಲ್ಲಿ ಮಧ್ಯಾಹ್ನವೇ? ಯಾರನ್ನಾದರೂ ಆಸ್ಪತ್ರೆಗೆ ಸೇರಿಸ್ತೀಯ' ಎಂದಿದ್ದವರಲ್ಲಿ ಇಬ್ಬರು ಈಚೆಗೆ ಫೋನು ಮಾಡಿ ವೇಳಾಪಟ್ಟಿ ಕೇಳಿದರು. ಅದಕ್ಕೇ ಇದು.

ಹಾಗೆ ನೋಡಿದರೆ ಈ ಹೊತ್ತಿನ ಗುಟ್ಟು ಹೊಸದಲ್ಲ. 1799ರ ಮೇ 4ರಂದು ಇಂಗ್ಲಿಷರು ಕೋಟೆಗೆ ಲಗ್ಗೆ ಹಾಕಿದ್ದು ಮಧ್ಯಾಹ್ನ ಒಂದರ ಸುಮಾರಿಗೆ. ಬಿಸಿಲಿನ ಹೊತ್ತು, ಒಳಗಿನವರು ಊಟ, ವಿಶ್ರಾಂತಿಯಲ್ಲಿರುತ್ತಾರೆ ಎಂದು ಎಣಿಸಿಯೇ ಆ ಗಳಿಗೆ ಆರಿಸಿದ್ದರು. ಮಳೆಗಾಲ ಬಂದು ಕಾವೇರಿ ತುಂಬಿದರೆ ದಾಟಲಾಗದು ಎಂಬ ಅವಸರವೂ ಇತ್ತು. ಆ ಹೊತ್ತಿಗೆ ಪಟ್ಟಣ ಈಗಲೂ ಮಲಗಿರುತ್ತದೆ. ನಮಗೆ ಬೇಕಾದದ್ದೂ ಅದೇ.

ಕ್ರಮ ಇಷ್ಟು: ಮೊದಲು ಸೂರು (ಬಂದೀಖಾನೆ, ದರಿಯಾ ದೌಲತ್), ಆಮೇಲೆ ಕಂಬ (ಹೈದರ್-ಟಿಪ್ಪು ಗೋರಿಯ ಗುಂಬಜ್), ಆಮೇಲೆ ಕೋಟೆ ಗೋಡೆ, ಕೊನೆಗೆ ದೇವರು. ಇದು ಕೈಗೆ ಹತ್ತಲು ನಾಲ್ಕೈದು ಸಲ ಕೈ ಸುಟ್ಟುಕೊಂಡೆ. ಮೊದಲ ಸಲ ಕೋಟೆ ಗೋಡೆಯ ನೆರಳನ್ನು ನಂಬಿದ್ದೆ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ 22-23ರ ಹೊತ್ತಿಗೆ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಅಲ್ಲಿಂದಾಚೆಗೂ ಮಧ್ಯಾಹ್ನ ಗೋಡೆಗೆ ಒಂದು ಮೊಳ ನೆರಳು ಸಿಕ್ಕರೆ ಹೆಚ್ಚು. ನಮಗೆ ನಡುಹಗಲು ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತಕ್ಕೆ. ಅಲ್ಲಿಂದ ಮೂರು ಗಂಟೆ ಕಳೆದು ಮೂರೂ ಇಪ್ಪತ್ತಾದಾಗ ಗೋಡೆ ಎಷ್ಟು ಎತ್ತರವೋ ನೆರಳೂ ಅಷ್ಟೇ ಉದ್ದ. ನಾಲ್ಕೂವರೆಗೆ ಹೆಚ್ಚುಕಡಿಮೆ ಅದರ ಎರಡರಷ್ಟು. ಹಾಗಾಗಿ ನಾಲ್ಕರ ಮುಂಚೆ ಗೋಡೆಯ ಹತ್ತಿರ ಸುಳಿಯಬೇಡಿ. ಆಮೇಲೂ ಪಶ್ಚಿಮದ ಗೋಡೆಯಾದರೆ ಒಳಮೈ, ಪೂರ್ವಕ್ಕೆ ಬೆಂಗಳೂರು ಬಾಗಿಲ ಕಡೆಯ ಗೋಡೆಯಾದರೆ ಕಂದಕದ ಕಡೆಯ ಹೊರಮೈ. ಉತ್ತರದ ಗೋಡೆ ಲೆಕ್ಕಕ್ಕಿಲ್ಲ.

ಹೋಗುವುದು ರೈಲಿನಲ್ಲಿ. ನಿಲ್ದಾಣ ಕೋಟೆಯೊಳಗೇ ಇರುವುದರಿಂದ ಇಳಿದ ಕೂಡಲೇ ಊರು. ಮೈಸೂರಿನಿಂದ ಪ್ಯಾಸೆಂಜರ್ ಗಾಡಿಗೆ ತಲೆಗೆ ಹತ್ತು ರೂಪಾಯಿ, ಇಪ್ಪತ್ತು-ಇಪ್ಪತ್ತೈದು ನಿಮಿಷ. ಗುಂಪಿನಲ್ಲಿ ಹೆಂಗಸರೇ ಹೆಚ್ಚಿದ್ದರೆ ಸರ್ಕಾರಿ ಬಸ್ಸೇ ಅಗ್ಗ, ಶಕ್ತಿ ಯೋಜನೆಯಲ್ಲಿ ಅವರಿಗೆ ಚೀಟಿ ಉಚಿತ. ಬೆಂಗಳೂರಿನಿಂದ ಕಾರಿನಲ್ಲಿ ಬರುವವರಿಗೆ ಒಂದು ಮಾತು: ಹೊಸ ಹೆದ್ದಾರಿ ಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಪಕ್ಕದ ರಸ್ತೆಗೆ ಮುಂಚೆಯೇ ಇಳಿಯದಿದ್ದರೆ ಊರು ದಾಟಿ ಮುಂದೆ ಹೋಗಿರುತ್ತೀರಿ. ರೈಲು ಇಳಿದವರು ಮದ್ದಿನ ಮನೆಗೆ ಐದು ನಿಮಿಷ ಕೊಡಬಹುದು. ಜೋಡಿ ಹಳಿ ಹಾಕಲು 2017ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ಸುಮಾರು ನೂರ ಮೂವತ್ತು ಮೀಟರ್ ದೂರಕ್ಕೆ ಸರಿಸಿದರು. ಟಿಪ್ಪು ಕಾಲದ ಗಾರೆ ಅದನ್ನೂ ತಡೆದುಕೊಂಡಿತು.

ಊಟ ಹನ್ನೆರಡೂ ಕಾಲಕ್ಕೇ ಮುಗಿಸಿ. ಅನ್ನ ಬಿಸಿ ಇರುತ್ತದೆ, ಜಾಗ ಇರುತ್ತದೆ. ಆದರೆ ಅರ್ಧ ಹೊಟ್ಟೆ ಮಾತ್ರ. ಮುದ್ದೆ, ಬಸ್ಸಾರು ಎಂದು ಆಸೆಪಟ್ಟು ತಿಂದ ಗುಂಪು ಎರಡಕ್ಕೆ ದರಿಯಾ ದೌಲತ್ತಿನ ಹುಲ್ಲಿನ ಮೇಲೆ ಮಲಗಿತ್ತು, ಏಳಿಸಲು ಆಗಲಿಲ್ಲ. ಈಗ ಮೊಸರನ್ನ, ಹಪ್ಪಳ. ರಾಗಿಯನ್ನು ವಾಪಸು ಹೋದ ಮೇಲೆ ತಿನ್ನಲಿ.

ಒಂದು ಗಂಟೆಗೆ ಕರ್ನಲ್ ಬೈಲಿಯ ಬಂದೀಖಾನೆ. ಬೋರ್ಡು ಓದಿ, ಪಟ ತೆಗೆದು, ಐದು ನಿಮಿಷಕ್ಕೆ ಹೊರಡುವ ಜಾಗ ಇದೆಂದು ಎಲ್ಲರ ಎಣಿಕೆ. ನಾನು ಮುಕ್ಕಾಲು ಗಂಟೆ ಕೂರಿಸುತ್ತೇನೆ. ಸುಮಾರು ನೂರಡಿ ಉದ್ದ, ನಲವತ್ತಡಿ ಅಗಲ, ಇಟ್ಟಿಗೆ-ಗಾರೆಯ ದಪ್ಪ ಕಮಾನು, ಮೆಟ್ಟಿಲಿಳಿದು ಹೋಗಬೇಕು. ಅಡುಗೆಮನೆಯ ಥರ್ಮಾಮೀಟರು ಒಯ್ದು ನೋಡಿದ್ದೆ: ಹೊರಗೆ ಮರದ ನೆರಳಲ್ಲಿ 36-37, ಒಳಗೆ 30ರ ಆಸುಪಾಸು. ಗೋಡೆಯಿಂದ ಚಾಚಿದ ಕಲ್ಲುಗಳಿಗೆ ಕೈದಿಗಳನ್ನು ಕಟ್ಟುತ್ತಿದ್ದರಂತೆ. ನಡುವೆ ಬಿದ್ದಿರುವ ಫಿರಂಗಿಯ ಸುತ್ತ ಮಕ್ಕಳು ಸುತ್ತುತ್ತಿರಲಿ, ದೊಡ್ಡವರಿಗೆ ಪೊಳ್ಳಿಲೂರಿನ ಕದನ (ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ್ದು) ಹೇಳಲು ಇದೇ ಜಾಗ, ಯಾಕೆಂದರೆ ಮುಂದಿನ ನಿಲುಗಡೆಯಲ್ಲಿ ಅದೇ ಕದನ ಗೋಡೆಯ ಮೇಲೆ ಬರುತ್ತದೆ. 1780ರಲ್ಲಿ ಆ ಕದನದಲ್ಲಿ ಸಿಕ್ಕಿಬಿದ್ದ ಇಂಗ್ಲಿಷರ ದಳಪತಿ ಬೈಲಿ 1782ರಲ್ಲಿ ಈ ಊರಲ್ಲೇ ಸೆರೆಯಲ್ಲಿ ಸತ್ತ. ನೆಲ ಒರಟು, ಕೂರಲು ಹಳೆಯ ಜಮಖಾನ ಇರಲಿ.

ಎರಡಕ್ಕೆ ಆಟೊ ಹತ್ತಿ ದರಿಯಾ ದೌಲತ್. ತಲೆಗೆ 25 ರೂಪಾಯಿ ಚೀಟಿ, ಒಳಗೆ ಫೋಟೊ ಇಲ್ಲ. ತೇಗದ ಕಟ್ಟಡ, 1784ರದು, ಸುತ್ತ ಹಸಿರು ಪರದೆ ಇಳಿಬಿಟ್ಟಿರುತ್ತಾರೆ. ಬಿಸಿಲಿನಿಂದ ನೇರ ಒಳಗೆ ಹೋದರೆ ಕಣ್ಣು ಕತ್ತಲೆ, ಏನೂ ಕಾಣುವುದಿಲ್ಲ, 'ಬಣ್ಣ ಮಾಸಿಹೋಗಿದೆ' ಎಂದು ಜನ ಹೊರಬರುತ್ತಾರೆ. ಮಾಸಿರುವುದು ಬಣ್ಣವಲ್ಲ, ನಮ್ಮ ಕಣ್ಣು. ಮೊದಲು ಒಳಗಿನ ವಸ್ತು ಸಂಗ್ರಹ, ಆಮೇಲೆ ಪೂರ್ವದ ಗೋಡೆಯ ರಾಜರ ಸಾಲು. ಹತ್ತು-ಹನ್ನೆರಡು ನಿಮಿಷ ಹೀಗೆ ಕಳೆದು ಕಣ್ಣು ಹೊಂದಿಕೊಂಡ ಮೇಲೆ ಪಶ್ಚಿಮದ ಗೋಡೆಗೆ ಬನ್ನಿ. ಅಷ್ಟು ಹೊತ್ತಿಗೆ ಬಿಸಿಲು ಆ ಕಡೆಯ ಪರದೆಗೆ ಬಿದ್ದು ಗೋಡೆಯೆಲ್ಲ ತಿಳಿಹಸಿರು ಬೆಳಕು. ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತ ಕುಳಿತ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಬೆಳಿಗ್ಗೆ ಹೋದವರಿಗೆ ಈ ಬೆಳಕಿಲ್ಲ. ಚಿತ್ರ ಮೂಲದ ಹಾಗೇ ಉಳಿದಿದೆ ಎಂದು ಮಾತ್ರ ಹೇಳಬೇಡಿ, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿ ಮತ್ತೆ ಬರೆಸಿದ್ದು ಇದೆ. ಪರದೆ ಸರಿಸಿ ನೋಡಲು ಹೋಗಿ ಕಾವಲಿನವರಿಂದ ಬೈಸಿಕೊಳ್ಳಬೇಡಿ, ಒಮ್ಮೆ ಬೈಸಿಕೊಂಡರೆ ಒಂದು ವರ್ಷ ಮುಖ ನೆನಪಿಟ್ಟುಕೊಳ್ಳುತ್ತಾರೆ.

ಮೂರೂವರೆಗೆ ಗುಂಬಜ್. ನನ್ನ ಅತಿ ದೊಡ್ಡ ಸೋಲು ಇಲ್ಲಿಯದೇ. ಚಪ್ಪಲಿ ಬಿಟ್ಟು ಜಗಲಿ ಹತ್ತಬೇಕು, ಹೊರಜಗಲಿಯ ಕಲ್ಲು ಕಾದ ಕಾವಲಿ. ಕುಣಿಯುತ್ತ ಓಡಿದ ಹಿರಿಯರೊಬ್ಬರ ಅಂಗಾಲಿಗೆ ಬೊಬ್ಬೆ ಬಂತು, ಅಂದಿನ ದುಡ್ಡು ಪೂರ್ತಿ ವಾಪಸು ಕೊಟ್ಟೆ. ನೀರು ಸುರಿದುಕೊಂಡು ಹೋದರೆ ಇನ್ನೂ ಕೆಟ್ಟದ್ದು: ಕಲ್ಲು ಜಾರುತ್ತದೆ, ಅರ್ಧ ನಿಮಿಷಕ್ಕೆ ಆರಿಯೂ ಹೋಗುತ್ತದೆ. ಪರಿಹಾರ ದಪ್ಪ ಹತ್ತಿಯ ಕಾಲುಚೀಲ. ನೈಲಾನ್ ಬೇಡ, ಜಾರುತ್ತದೆ. ಡಜನ್ನಿಗೆ ನಾನೂರು ಚಿಲ್ಲರೆ ಕೊಟ್ಟು ತಂದದ್ದು, ಒಗೆದು ಒಗೆದು ಎರಡನೇ ಬೇಸಿಗೆಗೂ ಬಂದಿವೆ. ಒಳಜಗಲಿಗೆ ಹೋದರೆ ಸಮಸ್ಯೆಯೇ ಇಲ್ಲ. ಮೂವತ್ತಾರು ಕರಿಗಲ್ಲ ಕಂಬಗಳ ಮಧ್ಯೆ ಗಾಳಿ ಆಡುತ್ತದೆ. ಕಂಬಕ್ಕೆ ಬೆನ್ನು ಕೊಟ್ಟು ಕೂತವರು ತಾವಾಗಿ ದನಿ ತಗ್ಗಿಸುತ್ತಾರೆ. ಹೈದರ್, ಫಕ್ರುನ್ನಿಸಾ, ಟಿಪ್ಪು ಮೂವರ ಗೋರಿ, ಗೋಡೆಗೆ ಹುಲಿಪಟ್ಟೆ, ಬಾಗಿಲಿಗೆ ದಂತದ ಕೆತ್ತನೆ. ವಿವರಣೆ ಹೊರಗೇ ಮುಗಿಸಿಕೊಂಡು ಬನ್ನಿ.

ಸಂಗಮವನ್ನು ಕೈಬಿಟ್ಟೆ. ಇದಕ್ಕೇ ನನ್ನ ಮೇಲೆ ಹೆಚ್ಚು ಸಿಟ್ಟು. ಅಲ್ಲಿ ಸೂರಿಲ್ಲ, ಬೇಸಿಗೆಯಲ್ಲಿ ನೀರು ಬಂಡೆಗಳ ನಡುವೆ ಸೊರಗಿರುತ್ತದೆ, ಪಾಚಿ ಬಂಡೆಯ ಪಕ್ಕದಲ್ಲೇ ಮಡು. ಅಮಾವಾಸ್ಯೆ ಬಂದರೆ ಅಪರಕರ್ಮದವರ ಗುಂಪು. ಮೇಲೆ ಕನ್ನಂಬಾಡಿಯಲ್ಲಿ ನೀರು ಬಿಟ್ಟರೆ ಮಟ್ಟ ಏರುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ತೆಪ್ಪದ ಪ್ರಯೋಗವನ್ನೂ ಒಂದು ಸಲ ಮಾಡಿದೆ. ನಡುನೀರಲ್ಲಿ ತಲೆಯ ಮೇಲೆ ಬಿಸಿಲು, ಕೆಳಗಿನಿಂದ ನೀರಿನ ಹೊಳಪು, ಆರು ಜನಕ್ಕೆ ಆರುನೂರು ರೂಪಾಯಿ ದಂಡ. ನದಿ ಬೇಕೆಂದವರಿಗೆ ಪಶ್ಚಿಮದ ಕೋಟೆಗೋಡೆ ಸಾಕು. ನಾಲ್ಕೂವರೆಗೆ ಅಲ್ಲಿಗೆ ಬಂದರೆ ಗೋಡೆಯ ಒಳಮೈಯ ಅಗಲ ನೆರಳು, ಐದರ ಮೇಲೆ ಹತ್ತಿ ನಿಂತರೆ ಕೆಳಗೆ ಕಾವೇರಿ. 1907ರ ಸ್ಮಾರಕ ಕಂಬವೂ ಅಲ್ಲೇ, ಇಂಗ್ಲಿಷರು ಒಡೆದ ಗೋಡೆಯೂ ಆ ಕಡೆಯೇ. ನೀರಂಚಿಗೆ ಇಳಿಯಲು ಗೋಣಿಮರದ ಕೆಳಗೊಂದು ಸೋಪಾನವಿದೆ. ಎಲ್ಲೆಂದು ಹೇಳುವುದಿಲ್ಲ, ಹುಡುಕಿಕೊಳ್ಳಿ. ಹೇಳಿದರೆ ಮುಂದಿನ ವರ್ಷ ಅಲ್ಲೂ ಚಿಪ್ಸಿನ ಕವರು.

ಐದೂವರೆಗೆ ರಂಗನಾಥ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುವುದರಿಂದ ನಡುವೆ ತುರುಕುವುದಂತೂ ಆಗದು. 'ದೇವರನ್ನು ಕೊನೆಗೆ ನೋಡೋದಾ?' ಎಂದು ಅಜ್ಜಿಯರು ಮುನಿಸಿಕೊಳ್ಳುತ್ತಾರೆ. ಹೊರಪ್ರಾಕಾರದ ಕಲ್ಲು ತಣ್ಣಗಾಗಿರುವುದು ಕಾಲಿಗೆ ತಿಳಿದ ಮೇಲೆ ಮುನಿಸು ಇಳಿಯುತ್ತದೆ. ಶನಿವಾರ, ಭಾನುವಾರ ಬೇಡ. ಮಂಗಳವಾರ-ಬುಧವಾರ ವಾಸಿ.

ದುಡ್ಡಿನ ವಿಷಯ. ಆರು ಜನರ ಗುಂಪು ಅಂದುಕೊಳ್ಳಿ. ಮೊದಲು ವ್ಯಾನು ಗೊತ್ತುಮಾಡುತ್ತಿದ್ದೆ, ಮೂರೂವರೆ ಸಾವಿರ ಹೋಗುತ್ತಿತ್ತು, ನಿಂತಲ್ಲೇ ಕಾದು ಒಲೆಯಾಗುತ್ತಿತ್ತು. ಆಮೇಲೆ ಆಟೊಗಳನ್ನು ನಿಲುಗಡೆಗಿಷ್ಟು ಎಂದು ಮಾತಾಡಿ ಮೋಸಹೋದೆ, ಎರಡು ಆಟೊ ಸೇರಿ ಎರಡು ಸಾವಿರದ ಹತ್ತಿರ. ಈಗ ಕಾಯುವುದೂ ಸೇರಿ ಒಂದೊಂದಕ್ಕೆ ಏಳುನೂರು, ಅರ್ಧ ಮುಂಚೆ, ಅರ್ಧ ಕೋಟೆಗೆ ವಾಪಸಾದ ಮೇಲೆ. ಊಟ ನೂರರ ಸುತ್ತ, ಎಳನೀರು ನಲವತ್ತು-ಐವತ್ತು. ಎಲ್ಲ ಸೇರಿ ತಲೆಗೆ ನಾನೂರೈವತ್ತು ಖರ್ಚು, ನಾನು ತೆಗೆದುಕೊಳ್ಳುವುದು ಏಳುನೂರು. ಸೈಕಲ್ಲಿನ ಪ್ರಯೋಗವನ್ನೂ ಮಾಡಿದ್ದೆ. ನೋಡಲು ಚೆಂದ, ಗಂಜಾಮಿನ ರಸ್ತೆಯಲ್ಲಿ ಎರಡು ಪಂಕ್ಚರ್ ಆಗಿ ಅಲ್ಲಿಗೇ ಮುಗಿಯಿತು. ಕಪ್ಪು ಛತ್ರಿಗಿಂತ ಒಳಗೆ ಬೆಳ್ಳಿ ಬಣ್ಣ ಬಳಿದದ್ದು ಮೇಲು. ಮಜ್ಜಿಗೆಗೆ ಉಪ್ಪಿನ ಜೊತೆ ನಾನು ಇನ್ನೊಂದು ಹಾಕುತ್ತೇನೆ, ಅದು ನಮ್ಮ ಮನೆಯ ಗುಟ್ಟು.

ಎಷ್ಟು ಲೆಕ್ಕ ಹಾಕಿದರೂ ಕೈಗೆ ಸಿಗದ್ದು ಭರಣಿ, ಕೃತ್ತಿಕೆ ಮಳೆ. ಮೂರರ ಹೊತ್ತಿಗೆ ಕರಿಘಟ್ಟ ಬೆಟ್ಟದ ಕಡೆ ಮೋಡ ಕಪ್ಪಾಗಿ ಗಾಳಿ ನಿಂತುಬಿಟ್ಟರೆ ಗೋಡೆ ಹತ್ತುವುದನ್ನು ಕೈಬಿಡಿ. ಗೋಡೆಯ ಮೇಲೆ ಸಿಡಿಲಿಗೆ ನೀವೇ ಎತ್ತರ, ಬಯಲಲ್ಲಿ ನಿಂತ ಸ್ಮಾರಕ ಕಂಬದ ಹತ್ತಿರವೂ ಅಪಾಯ. ಗುಂಬಜಿನ ಒಳಜಗಲಿಯಲ್ಲೇ ಕೂತಿರಿ, ಮುಕ್ಕಾಲು ಗಂಟೆಯಲ್ಲಿ ಬಿಡುತ್ತದೆ. ಆಮೇಲೆ ನೇರ ದೇವಸ್ಥಾನ. ಕಾಲುಚೀಲ ಬಿಚ್ಚಿಸುವುದನ್ನು ಮರೆಯಬೇಡಿ, ಒದ್ದೆ ಕಲ್ಲಿನ ಮೇಲೆ ಹತ್ತಿಯೂ ಜಾರುತ್ತದೆ.