ಪಲ್ಪಿಂಗ್ ಹೊಂಡದ ಸುತ್ತಲಿನ ಮಣ್ಣು, ಬಾವಿ ನೀರಿನ ತಪಾಸಣೆ

ಕೊಡಗಿನ ಕಾಫಿ ತೋಟದಲ್ಲಿ, ಹಣ್ಣಿನ ಸಿಪ್ಪೆ ಬಿಡಿಸಿದ ಕೊಳೆ ನೀರು ಸೇರುವ ಪಲ್ಪಿಂಗ್ ಹೊಂಡದಿಂದ ಬಾವಿ ಕೆಟ್ಟಿದೆಯೆಂಬ ಅನುಮಾನ ಬಂದರೆ, ಮೊದಲು ಆ ಜಾಗದ ಹಿಂದಿನ ಬಳಕೆಯನ್ನು ಹಳೆಯ ಕೆಲಸಗಾರರಿಂದ ಕೇಳಿ ಬರೆದುಕೊಳ್ಳಬೇಕು. ಮೈಲುತುತ್ತ (ತಾಮ್ರದ ಸಲ್ಫೇಟ್) ಕಲಸುತ್ತಿದ್ದ ತೊಟ್ಟಿಯನ್ನು ನಕ್ಷೆಯಲ್ಲ, ಕಲ್ಲಿನ ಮೇಲುಳಿದ ನೀಲಿ-ಹಸಿರು ಕಲೆಯೇ ತೋರಿಸಿಕೊಡುತ್ತದೆ. ತಾಮ್ರವು ಮೇಲ್ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಳ್ಳುವುದರಿಂದ 0–15 ಮತ್ತು 15–30 ಸೆಂ.ಮೀ. ಆಳದ ಮಾದರಿಗಳನ್ನು ಎಂದಿಗೂ ಬೆರೆಸಬಾರದು.

ಇಳಿಜಾರು ಗದ್ದೆಯ ಕಡೆಗಿದೆಯೆಂದ ಮಾತ್ರಕ್ಕೆ ಅಂತರ್ಜಲವೂ ಅತ್ತಲೇ ಹರಿಯುತ್ತದೆಂದು ನಂಬದೆ, ಒಂದೇ ಸಾಲಿನಲ್ಲಿರದ ಕನಿಷ್ಠ ಮೂರು ಬಾವಿಗಳ ನೀರಿನ ಮಟ್ಟವನ್ನು ಒಂದೇ ದಿನ, ಒಂದೇ ಆಧಾರ ಮಟ್ಟಕ್ಕೆ ಹೋಲಿಸಿ ಅಳೆಯಬೇಕು. ಹೊಂಡದ ಪ್ರಭಾವವಿಲ್ಲದ ಬಾವಿಯ ಮಾದರಿಯನ್ನು ಮೊದಲು ತೆಗೆಯಬೇಕು. ಮಾದರಿಗಳು ಐಸ್ ಪೆಟ್ಟಿಗೆಯಲ್ಲಿ ಅಂದೇ ಪ್ರಯೋಗಾಲಯ ಸೇರಲಿ. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಿದ ನೀರನ್ನು ಹಸುಗೂಸುಗಳಿಗೆ ಕೊಡಲೇಬಾರದು. ಕುದಿಸಿದರೂ ಅದು ಹೋಗುವುದಿಲ್ಲ.